ಹುದುಗಿಸಿದ ಸೋಯಾ ಹಿಂಡಿ ಹಾಕಿದ ಫೀಡ್: ಸಿಗಡಿ, ಏಡಿಗೆ ಮೀನುಪುಡಿ ಎಷ್ಟು ಇಳಿಸಬಹುದು?

ಉಪ್ಪುನೀರು

ಎಲ್ಲರಿಗೂ ನಮಸ್ಕಾರ. ನಾನು ವನ್ನಾಮಿ ಸಿಗಡಿ ಸಾಕುತ್ತೇನೆ. ಒಂದು ಸಣ್ಣ ಹೊಂಡದಲ್ಲಿ ಕೆಸರಿನ ಏಡಿಯೂ ಇದೆ. ನಮಗೆ ಫೀಡ್ ಕೊಡುವವರು ಈ ಸಲ ಹೊಸ ಚೀಲ ತೋರಿಸಿದರು. "ಹುದುಗಿಸಿದ ಸಸ್ಯ ಪ್ರೋಟೀನ್, ಮೀನುಪುಡಿ ಕಡಿಮೆ" ಎಂದು ಮೇಲೆ ದಪ್ಪಕ್ಷರದಲ್ಲಿ ಇದೆ. ಪ್ರೋಟೀನ್ ಲೆಕ್ಕ ಹಳೆಯ ಫೀಡ್‌ನಷ್ಟೇ. ಚೀಲ ಬಿಚ್ಚಿದರೆ ಸ್ವಲ್ಪ ಹುಳಿ ವಾಸನೆ, ಬಣ್ಣವೂ ಒಂಚೂರು ಗಾಢ. ಹುದುಗಿಸಿದರೆ ಸೋಯಾಕ್ಕೆ ಮೀನುಪುಡಿಯ ಗುಣ ಬಂದುಬಿಡುತ್ತಾ? ಅಥವಾ ಮಾಮೂಲಿ ಹಿಂಡಿಗೇ ಹೊಸ ಹೆಸರಾ? ಬಳಸಿದವರು, ಫೀಡ್ ತಯಾರಿಸುವವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಹೊಂಡದಬದು

ಹೊಸ ಹೆಸರೇ. ಮೀನುಪುಡಿ ದುಬಾರಿಯಾದಾಗಲೆಲ್ಲ ಇಂಥದ್ದೊಂದು ಚೀಲ ಹುಟ್ಟಿಕೊಳ್ಳುತ್ತದೆ. ಸಿಗಡಿ ಹುಟ್ಟಾ ಮಾಂಸ, ಕೊಳೆತದ್ದು ತಿನ್ನುವ ಜೀವಿ. ಅದಕ್ಕೆ ಕಾಳು ತಿನ್ನಿಸಿ ಬೆಳೆಸುತ್ತೇವೆ ಅಂದರೆ ಹೇಗೆ? ನಮ್ಮ ಕಡೆ ಸೋಯಾ ಜಾಸ್ತಿ ಇರುವ ಫೀಡ್ ಹಾಕಿದವರ ಚೆಕ್ ಟ್ರೇಯಲ್ಲಿ (ಸಿಗಡಿ ಎಷ್ಟು ತಿಂದಿದೆ ಅಂತ ನೋಡಲು ಮೇವು ಹಾಕಿ ನೀರಿಗೆ ಇಳಿಸುವ ತಟ್ಟೆ) ಅರ್ಧ ಮೇವು ಹಾಗೇ ಉಳಿದಿದ್ದನ್ನು ನೋಡಿದ್ದೇನೆ.

ಮೇವುಗಿರಣಿ

ಫೀಡ್ ಫಾರ್ಮುಲಾ ಬರೆಯುವುದೇ ನನ್ನ ಕೆಲಸ. ಹೊಂಡದಬದು ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಕಾರಣ ಬೇರೆ.

ಮೊದಲು ಒಂದು ಮಾತು. ಇವತ್ತು ಮಾರುಕಟ್ಟೆಯಲ್ಲಿ ಇರುವ ಹೆಚ್ಚಿನ ಸಿಗಡಿ ಫೀಡ್‌ಗಳಲ್ಲಿ ಸೋಯಾ ಹಿಂಡಿ ಇದ್ದೇ ಇರುತ್ತದೆ. ವನ್ನಾಮಿ ಫೀಡ್‌ನಲ್ಲಂತೂ ಎಷ್ಟೋ ಸಲ ಮೀನುಪುಡಿಗಿಂತ ಸೋಯಾವೇ ಹೆಚ್ಚು. ವನ್ನಾಮಿಗೆ ಶೇ 30ರಿಂದ 36ರಷ್ಟು ಪ್ರೋಟೀನ್ ಸಾಕು. ಹುಲಿ ಸಿಗಡಿಗೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ಸಸ್ಯ ಪ್ರೋಟೀನ್ ಬೇಕೋ ಬೇಡವೋ ಅನ್ನುವುದು ಹಳೇ ಜಗಳ. ಈಗಿನ ಪ್ರಶ್ನೆ, ಸೋಯಾವನ್ನು ಇನ್ನಷ್ಟು ಏರಿಸಿದಾಗ ಎಲ್ಲಿ ಮುಗ್ಗರಿಸುತ್ತದೆ ಅನ್ನುವುದು.

ಸೋಯಾ ಹಿಂಡಿಯಲ್ಲಿ ಪ್ರೋಟೀನ್ ಶೇ 44ರಿಂದ 48. ನೋಡುವುದಕ್ಕೆ ಚೆನ್ನಾಗಿದೆ. ಅದರ ಜೊತೆಗೆ ಕಾಳು ತನ್ನ ರಕ್ಷಣೆಗೆ ಇಟ್ಟುಕೊಂಡ ಸಾಮಾನೂ ಬರುತ್ತದೆ. ಪ್ರೋಟೀನ್ ಅರಗಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತು, ಲೆಕ್ಟಿನ್, ರಂಜಕವನ್ನು ಕಟ್ಟಿಹಾಕುವ ಫೈಟಿಕ್ ಆಮ್ಲ, ಸಪೋನಿನ್, ರ‍್ಯಾಫಿನೋಸ್ ಮತ್ತು ಸ್ಟಾಕಿಯೋಸ್ ಅನ್ನುವ ಜೀರ್ಣವಾಗದ ಸಕ್ಕರೆಗಳು. ಇದಲ್ಲದೆ ಗ್ಲೈಸಿನಿನ್, ಬೀಟಾ-ಕಾನ್‌ಗ್ಲೈಸಿನಿನ್ ಅನ್ನುವ ಎರಡು ದೊಡ್ಡ ಪ್ರೋಟೀನ್‌ಗಳು. ಸೋಯಾ ಪ್ರೋಟೀನ್‌ನ ಬಹುಪಾಲು ಇವೇ, ಕರುಳಿಗೆ ಕಿರಿಕಿರಿ ಮಾಡುವುದೂ ಇವೇ.

ಟ್ರಿಪ್ಸಿನ್ ತಡೆಯುವ ವಸ್ತು ಮತ್ತು ಲೆಕ್ಟಿನ್ ಬಿಸಿಗೆ ಸಾಯುತ್ತವೆ. ಹಿಂಡಿಯನ್ನು ಸರಿಯಾಗಿ ಹುರಿದಿದ್ದರೆ ಅವುಗಳ ಚಿಂತೆ ಅಷ್ಟಾಗಿ ಬೇಡ. ಉಳಿದವು ಹಾಗಲ್ಲ. ಫೈಟಿಕ್ ಆಮ್ಲ, ಸಪೋನಿನ್, ಆ ಸಕ್ಕರೆಗಳು ಮೇವಿನ ಗುಳಿಗೆ (ಪೆಲೆಟ್) ಮಾಡುವ ಯಂತ್ರದ ಬಿಸಿಯನ್ನೂ ದಾಟಿಕೊಂಡು ಹೊಂಡಕ್ಕೆ ಬರುತ್ತವೆ. ಹುದುಗಿಸುವುದಕ್ಕೆ ಕೆಲಸ ಇರುವುದು ಇಲ್ಲಿ.

ಉಪ್ಪುನೀರು

ಸರ್, ಕೋಳಿ ಫೀಡ್‌ಗೆ ಫೈಟಿಕ್ ಆಮ್ಲ ಒಡೆಯುವ ಫೈಟೇಸ್ ಕಿಣ್ವದ ಪುಡಿ ಬೆರೆಸುತ್ತಾರೆ ಅಂತ ಕೇಳಿದ್ದೇನೆ. ಸಿಗಡಿಗೂ ಅದನ್ನೇ ಬೆರೆಸಿದರೆ ಆಗಲ್ವಾ? ಹುದುಗಿಸುವ ರಗಳೆ ಯಾಕೆ?

ಮೇವುಗಿರಣಿ

ಒಳ್ಳೆ ಪ್ರಶ್ನೆ. ಸಿಗಡಿಯ ಹೊಟ್ಟೆಯನ್ನು ಕೋಳಿಯ ಹೊಟ್ಟೆ ಅಂದುಕೊಳ್ಳಬೇಡಿ.

ಕೋಳಿ, ಹಂದಿ, ಎಷ್ಟೋ ಮೀನುಗಳಿಗೆ ಹುಳಿ ಹೊಟ್ಟೆ ಇದೆ. ಅಲ್ಲಿ ಆಮ್ಲ, ಪೆಪ್ಸಿನ್ ಎರಡೂ ಇವೆ. ಸಿಗಡಿಗೆ ಆ ವ್ಯವಸ್ಥೆ ಇಲ್ಲ. ಅದರ ಹೊಟ್ಟೆಯ ಪಿಎಚ್ ಏಳರ ಹತ್ತಿರ ಇರುತ್ತದೆ. ಮಾಮೂಲಿ ಫೈಟೇಸ್‌ಗಳು ಚುರುಕಾಗಿ ಕೆಲಸ ಮಾಡುವುದು ಪಿಎಚ್ ಐದರ ಸುತ್ತಮುತ್ತ. ಅಂದರೆ ಕಿಣ್ವ ಹೊಟ್ಟೆಗೆ ಹೋದರೂ ಅರೆಮನಸ್ಸಿನಿಂದ ಕೆಲಸ ಮಾಡುತ್ತದೆ. ಮೇಲಾಗಿ ಪೆಲೆಟ್ ಮಾಡುವಾಗಿನ ಹಬೆಗೆ ಅದರಲ್ಲಿ ಸುಮಾರು ಭಾಗ ಸತ್ತಿರುತ್ತದೆ. ಬದುಕಿದ್ದು ನೀರಿಗೆ ಕರಗಿ ಹೋಗಬಹುದು.

ಇನ್ನೊಂದು ವಿಷಯ. ಸಿಗಡಿ ಮೇವನ್ನು ಬಾಯಲ್ಲಿ ಚೂರು ಮಾಡಿ, ಹೊಟ್ಟೆಯೊಳಗಿನ ಹಲ್ಲಿನಂಥ ಗಟ್ಟಿ ಭಾಗಗಳಲ್ಲಿ ಅರೆಯುತ್ತದೆ. ಆಮೇಲೆ ಅಲ್ಲಿ ಒಂದು ಸೋಸುವ ಜಾಗ ಇದೆ. ಅದರ ರಂಧ್ರ ಎಷ್ಟು ಸಣ್ಣ ಅಂದರೆ ರಸ ಮತ್ತು ತೀರಾ ನುಣುಪಾದ ಕಣ ಮಾತ್ರ ಹೆಪಟೋಪ್ಯಾಂಕ್ರಿಯಾಸ್ ಅನ್ನುವ ಜೀರ್ಣಾಂಗದ ಒಳಗೆ ಹೋಗುತ್ತದೆ. ಅರಗುವುದು, ಹೀರುವುದು ಬಹುಪಾಲು ಅಲ್ಲೇ. ಉಳಿದ ಒರಟು ಪದಾರ್ಥ ನೇರ ಕರುಳಿಗೆ, ಅಲ್ಲಿಂದ ಹೊರಗೆ. ನೀವು ಸಿಗಡಿಯ ಬಾಲದ ಹಿಂದೆ ನೋಡುವ ಆ ಉದ್ದನೆಯ ದಾರ ಅದೇ. ಹೀಗಾಗಿ ದೊಡ್ಡ ಪ್ರೋಟೀನ್‌ಗಳು ಮೊದಲೇ ಸಣ್ಣ ಪೆಪ್ಟೈಡ್‌ಗಳಾಗಿ (ಪ್ರೋಟೀನ್‌ನ ಚಿಕ್ಕ ತುಂಡುಗಳು) ಮುರಿದಿದ್ದರೆ ಸಿಗಡಿಗೆ ನಿಜವಾದ ಲಾಭ.

ನನಗೆ ಕೇಳಿದರೆ ಹುದುಗಿಸುವುದು ಅಂದರೆ ಸಿಗಡಿಗೆ ಇಲ್ಲದ ಹೊಟ್ಟೆಯೊಂದನ್ನು ಹೊರಗೆ ಕಟ್ಟಿಕೊಟ್ಟ ಹಾಗೆ. ಹುಳಿ ಬೇಕಾದ ಕೆಲಸ ಟ್ಯಾಂಕಿನಲ್ಲೇ ಆಗುತ್ತದೆ, ಅದೂ ಎಷ್ಟು ಗಂಟೆ ಬೇಕೋ ಅಷ್ಟು ಗಂಟೆ.

ಹೊಂಡದಬದು

ಇದು ಸರಿ ಅನ್ನಿಸಿತು. ಆದರೆ ಮೇವು ಟ್ರೇಯಲ್ಲಿ ಉಳಿಯುತ್ತದಲ್ಲ, ಅದಕ್ಕೇನು ಹೇಳುತ್ತೀರಿ?

ಮೇವುಗಿರಣಿ

ಸಿಗಡಿ ವಾಸನೆ ಹಿಡಿದು ಬರುವ ಪ್ರಾಣಿ. ಮೀನುಪುಡಿ ತೆಗೆದರೆ ವಾಸನೆಯೂ ಹೋಗುತ್ತದೆ. ಹುದುಗಿಸಿದ ಹಿಂಡಿಯಲ್ಲಿ ಬಿಡಿ ಅಮೈನೋ ಆಮ್ಲ, ಸಣ್ಣ ಪೆಪ್ಟೈಡ್ ಇರುವುದರಿಂದ ಮಾಮೂಲಿ ಸೋಯಾಗಿಂತ ರುಚಿ ಉತ್ತಮ. ಈಸ್ಟ್ ಬಳಸಿದ್ದರೆ ನ್ಯೂಕ್ಲಿಯೋಟೈಡ್‌ಗಳೂ ಸೇರುತ್ತವೆ. ಆದರೂ ಮೀನುಪುಡಿ ತುಂಬಾ ಇಳಿಸಿದ ಫೀಡ್‌ಗೆ ನಾನು ಸ್ಕ್ವಿಡ್ ಪುಡಿಯನ್ನೋ ಕ್ರಿಲ್ ಪುಡಿಯನ್ನೋ ಸ್ವಲ್ಪ ಹಾಕದೆ ಕಳಿಸುವುದಿಲ್ಲ.

ಉಪ್ಪುನೀರು

ನನ್ನ ಫೀಡ್‌ನವರು ಕೊಟ್ಟ ಕಾಗದದಲ್ಲಿ ಹೀಗಿದೆ: ಹುದುಗಿಸುವ ಮುಂಚೆ ಪ್ರೋಟೀನ್ ಶೇ 46, ಹುದುಗಿಸಿದ ಮೇಲೆ ಶೇ 50. "ಬ್ಯಾಕ್ಟೀರಿಯಾ ಪ್ರೋಟೀನ್ ಹೆಚ್ಚಿಸಿದೆ" ಅನ್ನುತ್ತಾರೆ. ಇದು ಹೌದಾ?

ಜೀವಾಣು

ಹುದುಗುವಿಕೆ ನನ್ನ ಕ್ಷೇತ್ರ, ಅದಕ್ಕೇ ನುಗ್ಗುತ್ತಿದ್ದೇನೆ. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಲೆಕ್ಕ ಹಾಕಿ. ನೂರು ಕಿಲೋ ಒಣ ಹಿಂಡಿ, ಅದರಲ್ಲಿ 46 ಕಿಲೋ ಪ್ರೋಟೀನ್. ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಬಿಡುತ್ತವೆ. 8 ಕಿಲೋ ಹಾಗೆ ಗಾಳಿಗೆ ಹೋಯಿತು ಅಂದುಕೊಳ್ಳಿ. ಉಳಿದದ್ದು 92 ಕಿಲೋ. ಪ್ರೋಟೀನ್ ಅದೇ 46. ಭಾಗಿಸಿದರೆ ಶೇ 50. ಪ್ರೋಟೀನ್ ಒಂದು ಗ್ರಾಂ ಕೂಡ ಹುಟ್ಟಲಿಲ್ಲ, ಸಕ್ಕರೆ ಕಡಿಮೆಯಾಯಿತು ಅಷ್ಟೇ. ಸಾರಜನಕ ಎಲ್ಲಿಂದಲೋ ಬರಬೇಕಲ್ಲ, ಸುಮ್ನೆ ಹುಟ್ಟುವುದಿಲ್ಲ.

ಶೇಕಡಾವಾರು ಇನ್ನೂ ತೀರಾ ಏರಿದ್ದರೆ ಅನುಮಾನ ಪಡಿ. ಕೆಲವರು ಹುದುಗಿಸುವಾಗ ಯೂರಿಯಾ ಅಥವಾ ಅಮೋನಿಯಂ ಸಲ್ಫೇಟ್ ಬೆರೆಸುತ್ತಾರೆ. ಅದರಲ್ಲಿ ಸ್ವಲ್ಪವನ್ನು ಸೂಕ್ಷ್ಮಜೀವಿ ನಿಜವಾಗಿಯೂ ಪ್ರೋಟೀನ್ ಮಾಡಿಕೊಳ್ಳಬಹುದು. ಮಿಕ್ಕಿದ್ದು ಹಾಗೇ ಉಳಿಯುತ್ತದೆ. ಲ್ಯಾಬ್‌ನ ಮಾಮೂಲಿ ಕೆಲ್ಡಾಲ್ ಪರೀಕ್ಷೆ ಸಾರಜನಕ ಅಳೆದು 6.25ರಿಂದ ಗುಣಿಸುತ್ತದೆ. ಅದು ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. 2007ರಲ್ಲಿ ಸಾಕುಪ್ರಾಣಿಗಳ ಮೇವಿಗೆ, 2008ರಲ್ಲಿ ಮಕ್ಕಳ ಹಾಲಿನಪುಡಿಗೆ ಸಾರಜನಕ ತುಂಬಿದ ಮೆಲಮೈನ್ ರಾಸಾಯನಿಕ ಬೆರೆಸಿದ್ದು ಇದೇ ಕಿಂಡಿಯಿಂದ.

ನಿಮ್ಮವರ 46, 50 ಲೆಕ್ಕ ಸಹಜವಾಗೇ ಇದೆ. ಕೊಡುವ ಕಾರಣ ಮಾತ್ರ ತಪ್ಪು.

ಉಪ್ಪುನೀರು

ಹಾಗಾದರೆ ಪ್ರೋಟೀನ್ ಸಂಖ್ಯೆ ನೋಡಿ ಪ್ರಯೋಜನ ಇಲ್ಲ. ಏನು ನೋಡಬೇಕು?

ಜೀವಾಣು

ಎರಡು ಕಡೆ ನೋಡಬೇಕು. ಏನು ಹೋಯಿತು, ಏನು ಕೆಟ್ಟಿತು.

ಹೋದದ್ದಕ್ಕೆ: ಫೈಟಿಕ್ ಆಮ್ಲ ಎಷ್ಟಿತ್ತು ಎಷ್ಟಾಯಿತು, ಆ ಎರಡು ಸಕ್ಕರೆ ಎಷ್ಟು ಉಳಿದಿವೆ, ಟ್ರಿಪ್ಸಿನ್ ತಡೆ ಎಷ್ಟಿದೆ. ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ದ್ರಾವಣದಲ್ಲಿ ಕರಗುವ ಪ್ರೋಟೀನ್ ಎಷ್ಟು ಅಂತಲೂ ಕೇಳಿ. ಸಣ್ಣ ಪೆಪ್ಟೈಡ್‌ಗಳ ಪಾಲು ಅದರಲ್ಲಿ ಗೊತ್ತಾಗುತ್ತದೆ. ಒಳ್ಳೆಯ ತಯಾರಕರು ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್ ಚಿತ್ರ ಕೊಡುತ್ತಾರೆ. ಹುದುಗಿಸುವ ಮುಂಚಿನ ಸಾಲಿನಲ್ಲಿ ಗ್ಲೈಸಿನಿನ್, ಬೀಟಾ-ಕಾನ್‌ಗ್ಲೈಸಿನಿನ್‌ನ ದಪ್ಪ ಪಟ್ಟೆಗಳು ಕಾಣುತ್ತವೆ. ಹುದುಗಿಸಿದ ಸಾಲಿನಲ್ಲಿ ಅವು ಮಾಸಿ ಕೆಳಗೆ ಮಂಜುಮಂಜಾದ ಗುರುತು ಇರಬೇಕು. ಎರಡೂ ಸಾಲು ಒಂದೇ ಥರ ಕಂಡರೆ ಆ ಹಿಂಡಿ ಹುದುಗಿಲ್ಲ, ನೆನೆದು ಒಣಗಿದೆ ಅಷ್ಟೇ.

ಕೆಟ್ಟದ್ದಕ್ಕೆ: ಆವಿಯಾಗುವ ಕ್ಷಾರ ಸಾರಜನಕ, ಲ್ಯಾಬ್‌ನವರು ಟಿವಿಬಿಎನ್ ಅನ್ನುತ್ತಾರೆ. ಮೀನು ಹಳಸಿದೆಯಾ ಅಂತ ನೋಡುವುದಕ್ಕೂ ಇದೇ ಪರೀಕ್ಷೆ. ಬ್ಯಾಸಿಲಸ್ ಬ್ಯಾಕ್ಟೀರಿಯಾ ಹಾಕಿ ಅತಿಯಾಗಿ ಬಿಟ್ಟರೆ ಅದು ಪ್ರೋಟೀನನ್ನು ಪೆಪ್ಟೈಡ್ ಮಾಡಿ, ಪೆಪ್ಟೈಡನ್ನು ಅಮೈನೋ ಆಮ್ಲ ಮಾಡಿ, ಕೊನೆಗೆ ಅದನ್ನೂ ಒಡೆದು ಅಮೋನಿಯಾ ಮಾಡುತ್ತದೆ. ನೀವು ದುಡ್ಡು ಕೊಟ್ಟ ಪ್ರೋಟೀನ್ ಮೂಗಿಗೆ ಹೊಡೆಯುತ್ತದೆ.

ಹೊಂಡದಬದು

ಹೀಗೆ ಕೇಳಿದ ಮೇಲೆ ನಾನೇ ಮಾಡಿಕೊಂಡರೆ ಹೇಗೆ ಅನ್ನಿಸುತ್ತಿದೆ. ಡ್ರಮ್ ಇದೆ, ಹಿಂಡಿ ಸಿಗುತ್ತದೆ, ಪ್ರೋಬಯಾಟಿಕ್ ಪ್ಯಾಕೆಟ್ ಇದೆ. ಇನ್ನೇನು ಬೇಕು ಮಾರಾಯ್ರೇ?

ಜೀವಾಣು

ಒಣಗಿಸುವ ಜಾಗ ಬೇಕು. ಹೆಚ್ಚಿನವರು ಸೋಲುವುದು ಅಲ್ಲೇ.

ಹುದುಗಿಸುವುದು ಅಷ್ಟು ಕಷ್ಟ ಅಲ್ಲ. ಹಿಂಡಿಗೆ ನೀರು ಬೆರೆಸಿ ತೇವಾಂಶ ಶೇ 40ರಿಂದ 50ರ ಹತ್ತಿರ ತರುತ್ತಾರೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಆಮೇಲೆ ಯಾವ ಜೀವಿ ಹಾಕಿದಿರಿ ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ಗೆ ಗಾಳಿ ಬೇಕು. ಅದು ಪ್ರೋಟೀನ್ ಮುರಿಯುವುದರಲ್ಲಿ ಗಟ್ಟಿಗ, ಪಿಎಚ್ ಏರಿಸುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ಗೆ ಗಾಳಿ ಬೇಡ. ಅದು ಸಕ್ಕರೆ ತಿಂದು ಹುಳಿ ಮಾಡುತ್ತದೆ, ಆ ಹುಳಿಯಿಂದ ಬೇಡದ ಬ್ಯಾಕ್ಟೀರಿಯಾ ಹತ್ತಿರ ಬರುವುದಿಲ್ಲ. ಆಸ್ಪರ್ಜಿಲಸ್ ಶಿಲೀಂಧ್ರಗಳಲ್ಲಿ ಫೈಟೇಸ್ ಚೆನ್ನಾಗಿದೆ. ದೊಡ್ಡ ಕಾರ್ಖಾನೆಗಳಲ್ಲಿ ಕೆಲವರು ಮೊದಲು ಗಾಳಿ ಕೊಟ್ಟು ಬ್ಯಾಸಿಲಸ್, ಆಮೇಲೆ ಮುಚ್ಚಿ ಲ್ಯಾಕ್ಟೋಬ್ಯಾಸಿಲಸ್, ಹೀಗೆ ಎರಡು ಹಂತ ಮಾಡುತ್ತಾರೆ.

ರಾಶಿ ದಪ್ಪ ಹಾಕಿದರೆ ನಡುವೆ ಬಿಸಿ ಏರುತ್ತದೆ. ಹೊರಗೆ 35 ಡಿಗ್ರಿ ಇದ್ದರೂ ಒಳಗೆ 50 ದಾಟಬಹುದು. ಕೈ ಒಳಗೆ ತೂರಿಸಿದರೆ ತಡೆದುಕೊಳ್ಳಲು ಆಗುವುದಿಲ್ಲ. ಆಗ ನೀವು ಹಾಕಿದ ಜೀವಿ ಸತ್ತು, ಬಿಸಿ ತಡೆಯುವ ಇನ್ಯಾವುದೋ ಬೆಳೆಯುತ್ತದೆ.

ಇನ್ನು ಒಣಗಿಸುವುದು. ತೇವಾಂಶವನ್ನು ಬೇಗನೆ ಶೇ 10ರ ಆಸುಪಾಸಿಗೆ ಇಳಿಸಬೇಕು. ಬಿಸಿಲಿನಲ್ಲಿ ಎರಡು ಮೂರು ದಿನ ಹರಡಿಟ್ಟರೆ ಆ ಅವಧಿಯಲ್ಲಿ ಕಾಡು ಬೂಷ್ಟು ಹತ್ತಬಹುದು. ಆಸ್ಪರ್ಜಿಲಸ್ ಫ್ಲೇವಸ್ ಬಂದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ. ತಮಾಷೆ ಅಂದರೆ ಹುದುಗಿಸಲು ಬಳಸುವ ಆಸ್ಪರ್ಜಿಲಸ್ ಒರೈಝೆ ಇದರ ಹತ್ತಿರದ ಸಂಬಂಧಿ. ಕಣ್ಣಲ್ಲಿ ನೋಡಿ ಯಾವುದು ಯಾವುದು ಅಂತ ಹೇಳುವ ಧೈರ್ಯ ಮಾಡಬೇಡಿ. ಬೇಗ ಒಣಗಲಿ ಅಂತ ಜೋರು ಬಿಸಿ ಕೊಟ್ಟರೆ ಇನ್ನೊಂದು ತೊಂದರೆ. ಹುದುಗಿದಾಗ ಬಿಡುಗಡೆಯಾದ ಸಣ್ಣ ಸಕ್ಕರೆಗಳು ಲೈಸಿನ್ ಅನ್ನುವ ಅಮೈನೋ ಆಮ್ಲದ ಜೊತೆ ಅಂಟಿಕೊಂಡು ಹಿಂಡಿ ಕಂದಾಗುತ್ತದೆ. ಆ ಲೈಸಿನ್ ಪ್ರಾಣಿಗೆ ದಕ್ಕುವುದಿಲ್ಲ. ಉಪ್ಪುನೀರು ಅವರು ಬಣ್ಣ ಗಾಢ ಅಂದರಲ್ಲ, ಒಂಚೂರು ಆದರೆ ಸರಿ. ಸುಟ್ಟ ಕಂದು ಆಗಿದ್ದರೆ ಬೇಡ.

ಹೊಂಡದಬದು

ಡ್ರಮ್ ಮಳೆನೀರಿಗೇ ಇರಲಿ ಬಿಡಿ.

ಕುಂಟೆಏಡಿ

ಚರ್ಚೆ ಪೂರ್ತಿ ಸಿಗಡಿಯದ್ದೇ ಆಯಿತು. ಏಡಿಯವರೂ ಇದ್ದೇವೆ!

ನಾನು ಕೆಸರಿನ ಏಡಿ ಸಾಕುತ್ತೇನೆ. ನಮ್ಮಲ್ಲಿ ಇನ್ನೂ ಕಸದ ಮೀನು, ಚಿಪ್ಪಿನ ಮಾಂಸವೇ ಜಾಸ್ತಿ. ನೀರು ಕೆಡುತ್ತದೆ, ರೋಗ ತರುತ್ತದೆ, ದಿನಾ ಒಂದೇ ಗುಣದ್ದು ಸಿಗುವುದಿಲ್ಲ. ಎಲ್ಲ ಗೊತ್ತು. ಪೆಲೆಟ್‌ಗೆ ಬದಲಾಯಿಸಲು ನೋಡಿದಾಗ ಕಂಡದ್ದು ಹೇಳುತ್ತೇನೆ. ಏಡಿ ಸಿಗಡಿಯ ಹಾಗೆ ಪೆಲೆಟ್ ಹಿಡಿದು ಮೆಲ್ಲುವುದಿಲ್ಲ. ಕೊಂಬಿನಲ್ಲಿ (ಇಕ್ಕಳದಂಥ ಮುಂಗಾಲು) ಎತ್ತಿ ಹಿಡಿದು ಬಾಯಿಯ ಹತ್ತಿರ ಹರಿಯುತ್ತದೆ. ಹರಿಯುವಾಗ ಪೆಲೆಟ್ ಪುಡಿಯಾದರೆ ಅರ್ಧ ಕೆಳಗೆ ಬಿತ್ತು, ಅದನ್ನು ಮತ್ತೆ ಹೆಕ್ಕಿ ತಿನ್ನುವುದು ಕಡಿಮೆ. ಹುದುಗಿಸಿದ ಹಿಂಡಿ ಹಾಕಿದ ಒಂದು ಪೆಲೆಟ್ ನನಗೆ ಕೊಟ್ಟಿದ್ದರು. ವಾಸನೆಗೆ ಏಡಿ ಓಡಿ ಬಂತು, ಹಿಡಿಯಿತು, ಹಿಡಿದ ಕೂಡಲೇ ಪುಡಿಪುಡಿ. ಸುತ್ತ ನೀರೆಲ್ಲ ಮೋಡ.

ಮೇವುಗಿರಣಿ

ಇದು ಹುದುಗಿಸಿದ ಹಿಂಡಿಯ ನಿಜವಾದ ದೌರ್ಬಲ್ಯ. ಇಷ್ಟು ಹೊತ್ತು ನಾವು ಅದರ ಗುಣಗಾನ ಮಾಡುತ್ತಿದ್ದೆವು.

ಉದ್ದನೆಯ ಪ್ರೋಟೀನ್‌ಗಳೇ ಪೆಲೆಟ್ ಹಿಡಿದಿಡಲು ನೆರವಾಗುವುದು. ಅವನ್ನು ಮುರಿದ ಮೇಲೆ ಅಂಟು ಕಡಿಮೆಯಾಗುತ್ತದೆ. ಹೀರಲು ಸುಲಭವಾದ ಪೆಪ್ಟೈಡ್ ನೀರಿಗೆ ಕರಗಲೂ ಸುಲಭ. ಸಿಗಡಿ ನಿಧಾನವಾಗಿ ತಿನ್ನುತ್ತದೆ, ಪೆಲೆಟ್ ಕಡಿಮೆ ಅಂದರೂ ಎರಡು ಗಂಟೆ ನೀರಿನಲ್ಲಿ ನಿಲ್ಲಬೇಕು. ಏಡಿಗೆ ಅದಕ್ಕಿಂತ ಗಟ್ಟಿ ಬೇಕು, ಗಾತ್ರವೂ ದೊಡ್ಡದು ಬೇಕು. ಹಾಗಾಗಿ ಹುದುಗಿಸಿದ ಹಿಂಡಿ ಏರಿಸಿದಾಗ ಗೋಧಿ ಗ್ಲುಟೆನ್ ಅಥವಾ ಬೇರೆ ಅಂಟು ಪದಾರ್ಥ (ಬೈಂಡರ್) ಏರಿಸಬೇಕು, ಹಬೆ ಕೊಡುವ ಸಮಯ ಹೆಚ್ಚಿಸಬೇಕು, ಹಿಟ್ಟನ್ನು 250 ಮೈಕ್ರಾನ್ ಸುತ್ತಮುತ್ತ ನುಣ್ಣಗೆ ಬೀಸಬೇಕು. ಸಿಗಡಿ ಫೀಡ್ ಯಂತ್ರಕ್ಕೇ ಏಡಿ ಅಚ್ಚು ಹಾಕಿ ಹೊಡೆದರೆ ನೀವು ಹೇಳಿದ ಹಾಗೇ ಆಗುತ್ತದೆ.

ನೀವೇ ನೋಡಿಕೊಳ್ಳುವುದು ಸುಲಭ. ಗಾಜಿನ ಲೋಟದಲ್ಲಿ ನಿಮ್ಮ ಹೊಂಡದ್ದೇ ನೀರು ಹಾಕಿ. ಸಿಹಿನೀರು ಬೇಡ. ಪಕ್ಕಪಕ್ಕ ಎರಡು ಲೋಟ, ಹಳೇ ಫೀಡ್ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ. ಎರಡು ಗಂಟೆ ಬಿಟ್ಟು ಮೆಲ್ಲಗೆ ಅಲುಗಿಸಿ. ಆಕಾರ ಉಳಿದಿದೆಯಾ, ನೀರಿಗೆ ಎಷ್ಟು ಬಣ್ಣ ಬಿಟ್ಟಿದೆ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಗ್ಗುತ್ತದಾ ಅಥವಾ ಕೆಸರಾಗುತ್ತದಾ, ನೋಡಿ.

ಕುಂಟೆಏಡಿ

ಇನ್ನೊಂದು ಅನುಭವ. ಪೆಲೆಟ್ ಮೇಲೇ ಇಟ್ಟ ಏಡಿಗಳ ಒಳಗಿನ ಬಣ್ಣ ತಿಳಿ ಹಳದಿ. ಮೀನು, ಚಿಪ್ಪು ತಿಂದವುಗಳದ್ದು ಗಾಢ ಕಿತ್ತಳೆ. ಕೊಳ್ಳುವವರು ಒಡೆದು ನೋಡಿ ಬೆಲೆ ಇಳಿಸಿದರು. ಪೊರೆ ಬಿಡುವಾಗಲೂ ಕೆಲವು ಅರ್ಧಕ್ಕೆ ಸಿಕ್ಕಿಕೊಂಡು ಸತ್ತವು. ಇದಕ್ಕೂ ಸೋಯಾಕ್ಕೂ ಸಂಬಂಧ ಇದೆಯಾ?

ಮೇವುಗಿರಣಿ

ಇರಬಹುದು. ಪೊರೆಯಲ್ಲಿ ಸಿಕ್ಕಿಕೊಳ್ಳಲು ನೀರಿನ ಕಾರಣವೂ ಇರುತ್ತದೆ, ರೋಗವೂ ಇರುತ್ತದೆ. ಮೇವಿನ ಕಡೆಯಿಂದ ನಾನು ಮೊದಲು ಕೇಳುವುದು ಕೊಲೆಸ್ಟ್ರಾಲ್ ಎಷ್ಟು ಅಂತ.

ನಾವು ಕೊಲೆಸ್ಟ್ರಾಲ್ ಬೇಡ ಅನ್ನುತ್ತೇವೆ. ಸಿಗಡಿ, ಏಡಿಗೆ ಅದು ಬೇಕೇ ಬೇಕು. ಅವುಗಳ ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳಲಾರದು. ಪೊರೆ ಬಿಡಿಸುವ ಹಾರ್ಮೋನ್ ತಯಾರಾಗುವುದೇ ಅದರಿಂದ. ಮೀನುಪುಡಿ, ಸ್ಕ್ವಿಡ್ ಪುಡಿ, ಸಿಗಡಿ ತಲೆ ಪುಡಿಯಲ್ಲಿ ಅದು ತಾನಾಗೇ ಬರುತ್ತಿತ್ತು. ಸಸ್ಯದಲ್ಲಿರುವ ಸ್ಟೆರಾಲ್‌ಗಳು ಸ್ವಲ್ಪ ಮಟ್ಟಿಗೆ ಕೆಲಸಕ್ಕೆ ಬಂದರೂ ಪೂರ್ತಿ ಜಾಗ ತುಂಬುವುದಿಲ್ಲ. ಬ್ಯಾಕ್ಟೀರಿಯಾ ಎಷ್ಟು ದಿನ ಹುದುಗಿಸಿದರೂ ಹಿಂಡಿಯಲ್ಲಿ ಕೊಲೆಸ್ಟ್ರಾಲ್ ಬರುವುದಿಲ್ಲ. ಟಾರಿನ್ ಬರುವುದಿಲ್ಲ. ಮೀನೆಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳಾದ ಇಪಿಎ, ಡಿಎಚ್‌ಎ ಬರುವುದಿಲ್ಲ. ಬಣ್ಣ ಕೊಡುವ ಅಸ್ಟಾಕ್ಸಾಂಥಿನ್ ಬರುವುದಿಲ್ಲ, ನಿಮ್ಮ ತಿಳಿ ಹಳದಿಗೆ ಅದೇ ಕಾರಣ ಇರಬಹುದು. ಇವನ್ನೆಲ್ಲ ಬೇರೆಯಾಗಿ ಹಾಕಬೇಕು. ಹಾಕಿದರೆ ಫೀಡ್ ಅಗ್ಗ ಆಗುವುದಿಲ್ಲ. ಹಾಕದೆ ಅಗ್ಗ ಮಾಡಿದವರ ಚೀಲವೇ ಹೆಸರು ಕೆಡಿಸುವುದು.

ಮೆಥಿಯೊನಿನ್ ಅನ್ನುವ ಅಮೈನೋ ಆಮ್ಲ ಕೂಡ ಹಾಗೇ. ಮೀನುಪುಡಿಯಲ್ಲಿ ಶೇ 1.8ರ ಹತ್ತಿರ, ಸೋಯಾ ಹಿಂಡಿಯಲ್ಲಿ ಶೇ 0.6ರ ಹತ್ತಿರ. ಹುದುಗಿಸಿದರೂ ಈ ಅಂತರ ಮುಚ್ಚುವುದಿಲ್ಲ. ಪುಡಿ ಮೆಥಿಯೊನಿನ್ ಬೆರೆಸಿದರೆ ಸಿಗಡಿ ತಿನ್ನುವಷ್ಟರಲ್ಲಿ ಒಂದಷ್ಟು ನೀರಿಗೆ ಹೋಗಿರುತ್ತದೆ. ಅದಕ್ಕೇ ಲೇಪನ ಹಾಕಿದ್ದು ಅಥವಾ ಎರಡು ಮೆಥಿಯೊನಿನ್ ಜೋಡಿಸಿದ ರೂಪ ಬಳಸುತ್ತಾರೆ. ಅಮೈನೋ ಆಮ್ಲ ಸರಿಹೊಂದದಿದ್ದರೆ ಸಿಗಡಿ ಉಳಿದ ಪ್ರೋಟೀನನ್ನು ಸುಟ್ಟು ಅಮೋನಿಯಾ ಬಿಡುತ್ತದೆ. ನೀರಿನಲ್ಲಿ ಅಮೋನಿಯಾ ಏರಿದರೆ ಮೇವಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ.

ಹುದುಗಿಸುವುದರಿಂದ ನಿಜವಾಗಿ ಸಿಗುವ ಖನಿಜ ಅಂದರೆ ರಂಜಕ. ಸಸ್ಯದ ರಂಜಕದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಫೈಟಿಕ್ ಆಮ್ಲದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಫೈಟೇಸ್ ಅದನ್ನು ಬಿಡಿಸುತ್ತದೆ, ಜೊತೆಗೆ ಸಿಕ್ಕಿಕೊಂಡಿದ್ದ ಸತುವೂ ಬರುತ್ತದೆ. ಹೊಂಡದ ತಳಕ್ಕೆ ಹೋಗುವ ರಂಜಕ ಅಷ್ಟು ಕಡಿಮೆಯಾಯಿತು.

ಹೊಸಗಾಳ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಅಕ್ಕಿ ತೌಡನ್ನು ಬ್ಯಾಸಿಲಸ್ ಹಾಕಿ ಹುದುಗಿಸಿ ಹೊಂಡಕ್ಕೆ ಸುರಿಯುತ್ತೇವೆ. ಅದೂ ಇದೇ ಅಲ್ವಾ? ಹಾಗಾದರೆ ನಾವು ಆಗಲೇ ಹುದುಗಿಸಿದ ಪ್ರೋಟೀನ್ ಕೊಡುತ್ತಿದ್ದೇವೆ.

ಜೀವಾಣು

ಅಲ್ಲ. ಅದು ನೀರಿಗೆ ಕೊಡುವ ಮೇವು. ಅದನ್ನು ತಿಂದು ಬೆಳೆಯುವುದು ನೀರಿನ ಬ್ಯಾಕ್ಟೀರಿಯಾ ಮತ್ತು ಕೋಪೆಪಾಡ್‌ನಂಥ ಸಣ್ಣ ಜೀವಿಗಳು. ಸಿಗಡಿ ಅವನ್ನು ತಿನ್ನುತ್ತದೆ. ಒಳ್ಳೆ ಪದ್ಧತಿಯೇ, ಆದರೆ ತೌಡಿನಲ್ಲಿ ಪ್ರೋಟೀನ್ ಕಡಿಮೆ, ಮೀನುಪುಡಿಯ ಜಾಗಕ್ಕೆ ಬರುವ ಪದಾರ್ಥ ಅದಲ್ಲ.

ಹೊಸಗಾಳ

ಧನ್ಯವಾದ. ಇನ್ನೊಂದು. ಹುದುಗಿಸಿದ ಹಿಂಡಿ ಹಾಕಿದ ಫೀಡ್ ತಿಂದರೆ ವಿಬ್ರಿಯೋ ಬ್ಯಾಕ್ಟೀರಿಯಾದ ರೋಗ ಬರಲ್ಲ, ಬಿಳಿ ಹಿಕ್ಕೆ ರೋಗ ಬರಲ್ಲ ಅಂತ ಮಾರುವವರು ಹೇಳಿದರು. ಒಳಗೆ ಪ್ರೋಬಯಾಟಿಕ್ ಇದೆಯಂತೆ.

ಜೀವಾಣು

ಪೆಲೆಟ್ ಮಾಡುವಾಗ 80, 90 ಡಿಗ್ರಿ ಹಬೆ. ಲ್ಯಾಕ್ಟೋಬ್ಯಾಸಿಲಸ್ ಬದುಕುವುದಿಲ್ಲ. ಬ್ಯಾಸಿಲಸ್‌ನ ಬೀಜಕಣ ಬದುಕುತ್ತವೆ. ಸತ್ತ ಜೀವಿಗಳ ಕೋಶದ ಗೋಡೆ, ಅವು ಬಿಟ್ಟ ಹುಳಿ ಇವೂ ಕರುಳಿಗೆ ಒಳ್ಳೆಯದು ಮಾಡುತ್ತವೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಆದರೆ "ಬರಲ್ಲ" ಅನ್ನುವ ಮಾತು ಮಾರುವವರ ಮಾತು. ಇಎಚ್‌ಪಿ (ಸಿಗಡಿಯ ಹೆಪಟೋಪ್ಯಾಂಕ್ರಿಯಾಸ್‌ಗೆ ಅಂಟುವ ಪರಾವಲಂಬಿ) ಇರುವ ಮರಿ ಹಾಕಿಕೊಂಡರೆ ಯಾವ ಹಿಂಡಿಯೂ ಕಾಪಾಡುವುದಿಲ್ಲ. ಮರಿ ಪರೀಕ್ಷೆಗೆ ಕೊಡುವ ದುಡ್ಡು ಉಳಿಸಿ ಫೀಡ್‌ನಲ್ಲಿ ಔಷಧಿ ಹುಡುಕಬೇಡಿ.

ಟ್ಯಾಂಕ್‌ನಂಬರ್

ಸಿಗಡಿ ಆಹಾರದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಶೀರ್ಷಿಕೆಯಲ್ಲಿ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ! "ಎಷ್ಟು ಇಳಿಸಬಹುದು?"

ಕೊಡದಿರುವುದೇ ಸರಿ ಅಂತ ನನ್ನ ಅಭಿಪ್ರಾಯ. ಪ್ರಬಂಧಗಳಲ್ಲಿ "ಮೀನುಪುಡಿಯ ಇಷ್ಟು ಶೇಕಡಾ ಬದಲಿಸಬಹುದು" ಅಂತ ಬರೆಯುತ್ತಾರೆ. ಅದನ್ನು ಓದುವಾಗ ಯಾವುದರ ಶೇಕಡಾ ಅಂತ ಕೇಳಬೇಕು. ಫೀಡ್‌ನಲ್ಲಿ ಮೊದಲೇ ಮೀನುಪುಡಿ ಶೇ 40 ಇಟ್ಟುಕೊಂಡು ಅದರಲ್ಲಿ ಅರ್ಧ ತೆಗೆದರೆ ಇನ್ನೂ ಶೇ 20 ಉಳಿಯಿತು. ಅಷ್ಟು ಮೀನುಪುಡಿ ಇರುವ ಫೀಡ್ ಎಷ್ಟೋ ಸಾಕಣೆದಾರರು ನೋಡಿಯೇ ಇಲ್ಲ. ನಿಮ್ಮ ಫೀಡ್‌ನಲ್ಲಿ ಮೊದಲೇ ಶೇ 12 ಇದ್ದರೆ, ಅದರಲ್ಲಿ ಅರ್ಧ ತೆಗೆಯುವುದು ಬೇರೆಯೇ ಆಟ.

ಎರಡನೆಯದು, ಪ್ರಯೋಗ ಎಲ್ಲಿ ಆಯಿತು. ನಾವು ತಿಳಿನೀರಿನ ಟ್ಯಾಂಕಿನಲ್ಲಿ ಎಂಟು ವಾರ ನೋಡುತ್ತೇವೆ. ಅಲ್ಲಿ ಫೀಡ್ ಬಿಟ್ಟರೆ ತಿನ್ನಲು ಬೇರೆ ಏನಿಲ್ಲ. ಕೊರತೆ ಇದ್ದರೆ ತೋರುತ್ತದೆ. ಹೊಂಡದಲ್ಲಿ ಪಾಚಿ, ಹುಳ, ಬಯೋಫ್ಲಾಕ್ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳ ಗೊಂಚಲು) ಎಲ್ಲ ಇರುತ್ತದೆ. ಅವು ಫೀಡ್‌ನ ಕೊರತೆ ಮುಚ್ಚಿಹಾಕುತ್ತವೆ. ಒಂದೇ ಫೀಡ್ ಟ್ಯಾಂಕಿನಲ್ಲಿ ಸೋತು ಹೊಂಡದಲ್ಲಿ ಗೆಲ್ಲಬಹುದು. ಆದರೆ ಹೊಂಡದಲ್ಲೂ ಸಾಂದ್ರತೆ ಏರಿದ ಹಾಗೆ ಒಂದೊಂದು ಸಿಗಡಿಗೆ ಸಿಗುವ ಸಹಜ ಆಹಾರ ಕಡಿಮೆಯಾಗುತ್ತದೆ.

ಮೇವುಗಿರಣಿ

ಒಪ್ಪುತ್ತೇನೆ, ಒಂದು ತಕರಾರು ಬಿಟ್ಟು. ತಿಳಿನೀರಿನ ಎಂಟು ವಾರದ ಪ್ರಯೋಗ ಒಂದು ಗ್ರಾಂ ಆಸುಪಾಸಿನ ಮರಿಯಿಂದ ಶುರುವಾಗುತ್ತದೆ, ಹಿಡಿಯುವ ಗಾತ್ರಕ್ಕೆ ಬರುವ ಮುಂಚೆಯೇ ಮುಗಿಯುತ್ತದೆ. ನಮಗೆ ಗೊತ್ತಾಗಬೇಕಾದ್ದು ಕೊನೆಯ ತಿಂಗಳಲ್ಲಿ ಏನಾಗುತ್ತದೆ ಅಂತ. ಮೇವಿನ ಖರ್ಚು ಹೆಚ್ಚು ಬೀಳುವುದು ಆಗಲೇ ಅಲ್ವಾ?

ಟ್ಯಾಂಕ್‌ನಂಬರ್

ಹೌದು ಸರ್, ಅದು ನಮ್ಮ ಕಡೆಯ ಕೊರತೆ. ಉದ್ದ ಪ್ರಯೋಗಕ್ಕೆ ಟ್ಯಾಂಕ್ ಬಿಟ್ಟುಕೊಡುವವರು ಕಡಿಮೆ. ಆದರೂ ದೊಡ್ಡ ಸಿಗಡಿಗೆ ಪ್ರೋಟೀನ್ ಬೇಡಿಕೆ ಕಡಿಮೆಯಾಗುತ್ತಾ ಬರುವುದರಿಂದ, ಮರಿಯಲ್ಲಿ ಗೆದ್ದದ್ದು ದೊಡ್ಡದರಲ್ಲಿ ತೀರಾ ಸೋಲುವುದು ಅಪರೂಪ. ಅಪಾಯ ಇರುವುದು ನರ್ಸರಿ ಫೀಡ್‌ನಲ್ಲಿ. ಅಲ್ಲಿ ಮೀನುಪುಡಿ ತೆಗೆಯಲು ಅವಸರ ಮಾಡಬಾರದು.

ಉಪ್ಪುನೀರು

ಸೋಯಾ ಬಿಟ್ಟು ಬೇರೆ ಹಿಂಡಿ? ನನಗೆ ಹತ್ತಿ, ಸಾಸಿವೆ ಜಾತಿಯ ಹಿಂಡಿ, ಶೇಂಗಾ ಹಿಂಡಿ ಇದ್ದ ಪಟ್ಟಿಯನ್ನೂ ಕಳಿಸಿದ್ದಾರೆ.

ಮೇವುಗಿರಣಿ

ಒಂದೊಂದಕ್ಕೂ ಒಂದೊಂದು ವಿಷ. ಹತ್ತಿಯಲ್ಲಿ ಗಾಸಿಪಾಲ್. ಹುದುಗಿಸಿದರೆ ಬಿಡಿ ಗಾಸಿಪಾಲ್ ಇಳಿಯುತ್ತದೆ, ಆದರೆ ಅದು ಒಡೆದು ಹೋಯಿತಾ ಅಥವಾ ಲೈಸಿನ್‌ಗೆ ಅಂಟಿಕೊಂಡು ಅಡಗಿತಾ ಅಂತ ನೋಡಬೇಕು. ಅಂಟಿಕೊಂಡಿದ್ದರೆ ವಿಷ ಕಡಿಮೆಯಾದರೂ ಲೈಸಿನ್ ಹೋಯಿತು. ಸಾಸಿವೆ ಜಾತಿಯದ್ದರಲ್ಲಿ ಗ್ಲುಕೋಸಿನೊಲೇಟ್, ನಾರು ಜಾಸ್ತಿ. ಶೇಂಗಾ ಹಿಂಡಿ ತಿನ್ನಲು ಚೆನ್ನ, ಮೆಥಿಯೊನಿನ್, ಲೈಸಿನ್ ಎರಡೂ ಕಡಿಮೆ. ಅದರಲ್ಲಿ ಅಫ್ಲಾಟಾಕ್ಸಿನ್ ಇದ್ದರೆ ಪೆಲೆಟ್ ಯಂತ್ರದ ಬಿಸಿಗೆ ಅದು ಜಗ್ಗುವುದಿಲ್ಲ. ಕೆಟ್ಟ ಹಿಂಡಿಯನ್ನು ಹುದುಗಿಸಿ ಒಳ್ಳೆಯದು ಮಾಡಬಹುದು ಅಂತ ಯಾರಾದರೂ ಹೇಳಿದರೆ ಆ ಚೀಲ ಮುಟ್ಟಬೇಡಿ.

ಮೆಕ್ಕೆಜೋಳದ ಗ್ಲುಟೆನ್ ಬಗ್ಗೆ ನನಗೆ ಒಲವಿದೆ. ಪ್ರೋಟೀನ್ ಶೇ 60. ಲೈಸಿನ್ ಕಡಿಮೆ, ಮೆಥಿಯೊನಿನ್ ಪರವಾಗಿಲ್ಲ. ಸೋಯಾದ್ದು ಸರಿ ಉಲ್ಟಾ. ಎರಡನ್ನೂ ಸೇರಿಸಿ ಹುದುಗಿಸಿದ್ದು ಒಂಟಿ ಸೋಯಾಗಿಂತ ಸಮತೋಲನದಲ್ಲಿರುತ್ತದೆ.

ಹೊಂಡದಬದು

ಇಷ್ಟೆಲ್ಲ ತಾಪತ್ರಯ ಇದ್ದರೆ ಮೀನುಪುಡಿಯನ್ನೇ ಹಾಕಿ ಸುಮ್ಮನಿರಬಹುದಲ್ಲ?

ಮೇವುಗಿರಣಿ

ಸಿಕ್ಕರೆ ತಾನೆ! 2023ರಲ್ಲಿ ಪೆರುವಿನಲ್ಲಿ ಆಂಚೊವೆಟಾ ಮೀನಿನ ಮೊದಲ ಹಂಗಾಮನ್ನೇ ರದ್ದು ಮಾಡಿದರು. ಎಲ್ ನಿನೊ ವರ್ಷ, ಮರಿಮೀನೇ ಜಾಸ್ತಿ ಇತ್ತು. ಜಗತ್ತಿಗೆ ಅತಿ ಹೆಚ್ಚು ಮೀನುಪುಡಿ ಕೊಡುವ ದೇಶ ಅದು. ಆ ವರ್ಷ ಬದಲಿ ಹುಡುಕಲು ಶುರು ಮಾಡಿದವರು ಪರದಾಡಿದರು. ಮೊದಲೇ ಪ್ರಯೋಗ ಮಾಡಿಟ್ಟುಕೊಂಡವರು ಫಾರ್ಮುಲಾ ಬದಲಿಸಿ ಮುಂದೆ ಹೋದರು.

ಟ್ಯಾಂಕ್‌ನಂಬರ್

ಉಪ್ಪುನೀರು ಅವರೇ, ಪ್ರಯತ್ನಿಸುವುದಾದರೆ ಎಲ್ಲ ಹೊಂಡಕ್ಕೂ ಒಟ್ಟಿಗೆ ಹಾಕಬೇಡಿ. ಒಂದೇ ಮರಿ, ಒಂದೇ ದಿನ ಬಿಟ್ಟ ಹೊಂಡಗಳನ್ನು ಆರಿಸಿ. ಸಾಧ್ಯವಾದರೆ ಎರಡಕ್ಕೆ ಹಳೆಯದು, ಎರಡಕ್ಕೆ ಹೊಸದು. ಒಂದೇ ಹೊಂಡವನ್ನು ಇನ್ನೊಂದೇ ಹೊಂಡದ ಜೊತೆ ಹೋಲಿಸಿದರೆ ಹೊಂಡದ ಗುಣವೋ ಫೀಡ್ ಗುಣವೋ ಗೊತ್ತಾಗುವುದಿಲ್ಲ. ನಾಲ್ಕೈದು ದಿನದಲ್ಲಿ ನಿಧಾನವಾಗಿ ಬೆರೆಸುತ್ತಾ ಬದಲಿಸಿ. ಚೆಕ್ ಟ್ರೇ ನೋಡುವ ಸಮಯ ಎಲ್ಲದಕ್ಕೂ ಒಂದೇ ಇರಲಿ. ಸಿಗಡಿ ಎತ್ತಿ ಬೆಳಕಿಗೆ ಹಿಡಿದು ಕರುಳು ತುಂಬಿದೆಯಾ, ಹೆಪಟೋಪ್ಯಾಂಕ್ರಿಯಾಸ್ ಕುಗ್ಗಿದೆಯಾ ನೋಡಿ. ಹಿಕ್ಕೆಯ ದಾರ ಗಟ್ಟಿಯಾಗಿ ಉದ್ದಕ್ಕಿದೆಯಾ, ತುಂಡು ತುಂಡಾಗಿ ತೇಲುತ್ತಿದೆಯಾ ಅಂತಲೂ ಬರೆದಿಟ್ಟುಕೊಳ್ಳಿ. ಎಫ್‌ಸಿಆರ್ (ಒಂದು ಕಿಲೋ ಸಿಗಡಿಗೆ ಎಷ್ಟು ಕಿಲೋ ಮೇವು ಹೋಯಿತು ಅನ್ನುವ ಲೆಕ್ಕ) ಕೊನೆಗೆ ಸಿಗುತ್ತದೆ, ಇವು ವಾರ ವಾರವೂ ಸಿಗುತ್ತವೆ.

ಕುಂಟೆಏಡಿ

ಏಡಿಗೆ ಮಾತ್ರ ಬೇರೆ ಫೀಡ್ ಕೇಳಿ. ಸಿಗಡಿ ಚೀಲವನ್ನೇ ಏಡಿ ಹೊಂಡಕ್ಕೆ ಸುರಿಯಬೇಡಿ, ನೀರು ಕೆಡುವುದು ಖಂಡಿತ. ನಾನಂತೂ ಸದ್ಯ ಮೀನು ಮತ್ತು ಪೆಲೆಟ್ ಎರಡನ್ನೂ ಸರದಿಯಲ್ಲಿ ಕೊಡುತ್ತೇನೆ, ಸಂಜೆ ಕತ್ತಲಾದ ಮೇಲೆ.

ಉಪ್ಪುನೀರು

ಎಲ್ಲರಿಗೂ ಧನ್ಯವಾದ. ಲೋಟದ ಪರೀಕ್ಷೆ ಮಾಡಿದೆ. ಹೊಸ ಪೆಲೆಟ್ ಆಕಾರ ಉಳಿಸಿಕೊಂಡಿದೆ, ನೀರಿಗೆ ಮಾತ್ರ ಹಳೆಯದಕ್ಕಿಂತ ಸ್ವಲ್ಪ ಜಾಸ್ತಿ ಬಣ್ಣ ಬಿಟ್ಟಿದೆ. ಫೀಡ್‌ನವರಿಗೆ ಫೋನ್ ಮಾಡಿ ಫೈಟಿಕ್ ಆಮ್ಲ, ಟಿಸಿಎ ಪ್ರೋಟೀನ್, ಟಿವಿಬಿಎನ್, ಕೊಲೆಸ್ಟ್ರಾಲ್, ಮೆಥಿಯೊನಿನ್ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ನಿಮಗೆ ಇದೆಲ್ಲ ಯಾರು ಹೇಳಿದರು?" ಅಂದರು. ಆಮೇಲೆ ಒಂದು ವರದಿ ಕಳಿಸಿದರು. ಅದರಲ್ಲಿ ಪ್ರೋಟೀನ್, ಕೊಬ್ಬು, ನಾರು, ಬೂದಿ, ತೇವಾಂಶ ಇಷ್ಟೇ ಇದೆ. ಮೆಥಿಯೊನಿನ್ ಸೇರಿಸಿದ್ದೇವೆ ಎಂದು ಬಾಯಲ್ಲಿ ಹೇಳಿದರು, ಎಷ್ಟು ಅಂತ ಹೇಳಲಿಲ್ಲ.

ಜೀವಾಣು

ಆ ವರದಿ ಯಾವ ಹಿಂಡಿಗೂ ಬರುವ ವರದಿ. ಅದು ಹುದುಗಿಸಿದ್ದಾ ಇಲ್ಲವಾ ಅಂತ ಅದರಿಂದ ತಿಳಿಯುವುದಿಲ್ಲ. ಫೀಡ್ ಬೇಡ, ಒಳಗೆ ಹಾಕುವ ಹಿಂಡಿಯದ್ದೇ ಅರ್ಧ ಕಿಲೋ ಮಾದರಿ ಕೇಳಿ, ಬ್ಯಾಚ್ ನಂಬರ್ ಸಮೇತ. ಕೊಟ್ಟರೆ ಟಿಸಿಎ ಪ್ರೋಟೀನ್ ಮತ್ತು ಟಿವಿಬಿಎನ್ ಎರಡನ್ನು ಮಾತ್ರ ಲ್ಯಾಬ್‌ಗೆ ಹಾಕಿ, ಖರ್ಚು ಹಿಡಿತದಲ್ಲಿರುತ್ತದೆ. ಪಕ್ಕದಲ್ಲಿ ಮಾಮೂಲಿ ಸೋಯಾ ಹಿಂಡಿಯ ಮಾದರಿಯನ್ನೂ ಕಳಿಸಿ, ಹೋಲಿಸುವುದಕ್ಕೆ ಬೇಕು.

ಉಪ್ಪುನೀರು

ಕೇಳಿದ್ದೇನೆ. ಮುಂದಿನ ಲೋಡ್ ಜೊತೆ ಕಳಿಸುತ್ತಾರಂತೆ. ಬಂದ ಮೇಲೆ ಫಲಿತಾಂಶ ಇಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ ಹಳೇ ಫೀಡ್.